ಬಿಸಿಲಿಗೆ ಮಾತಾಡುವ ಉಪಗ್ರಹ

ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಪುಲ್ಪಳ್ಳಿಯ ನಮ್ಮ ಅಂಗಳದಲ್ಲಿ, ಒಣಹಾಕಿದ ಕರಿಮೆಣಸಿನ ನಡುವೆ, ಸೋದರತ್ತೆ ತಾನೇ ಬೆಸೆದ ಆಂಟೆನಾವನ್ನು ಆಕಾಶಕ್ಕೆ ಹಿಡಿದು ನಿಂತಿದ್ದಳು. ಹವ್ಯಾಸಿ ರೇಡಿಯೊದವರ ಮಾತನ್ನು ದೂರದೂರಕ್ಕೆ ದಾಟಿಸುವ ಹಳೆಯ ಉಪಗ್ರಹವೊಂದು ನೆತ್ತಿಯ ಮೇಲೆ ಹಾಯುತ್ತಿತ್ತು. ವಾರಗಟ್ಟಲೆ ಕರೆದ ಮೇಲೆ ಅಂದು ಮೊದಲ ಸಲ ದೂರದೇಶದ ಗಂಡಸೊಬ್ಬ ಅವಳಿಗೆ ಓಗೊಟ್ಟ. ಅವಳು ಉತ್ತರಿಸುವಷ್ಟರಲ್ಲಿ ಅಜ್ಜ ಮೈಕು ಕಿತ್ತುಕೊಂಡರು.

“ಸಂಜೆ ಹೆಣ್ಣು ನೋಡೋಕೆ ಬರೋರು ಏನಂತಾರೆ? ಕಂಡ ಗಂಡಸ್ರ ಹತ್ರ ವರ್ತಮಾನ ಮಾತಾಡಿದ್ದು ಸಾಕು!”

ದೂರದ ದನಿ ಗೊರಗೊರ ಸದ್ದಿನಲ್ಲಿ ಕರಗಿಹೋಯಿತು. ಅತ್ತೆ ಸಿಟ್ಟಿನಿಂದ ಅಜ್ಜನತ್ತ ತಿರುಗಿದಳು.

“ಆ ಉಪಗ್ರಹದ ಬ್ಯಾಟರಿ ಸತ್ತು ವರ್ಷಗಳಾಯ್ತು, ಅಪ್ಪಾ. ಆದ್ರೂ ಬಿಸಿಲು ಬಿದ್ರೆ ಮಾತಾಡ್ತದೆ. ಬದುಕಿರೋ ನಾನು ಬಾಯಿ ಮುಚ್ಕೊಂಡಿರ್ಬೇಕಾ?”

ಸಂಜೆ ಬಂದವರಿಗೆ ಅವಳು ಚಹಾ ಕೊಡಲಿಲ್ಲ. ಅವರೆದುರೇ ಅಜ್ಜನ ಬಳಿಯಿದ್ದ ಮೈಕು ಎತ್ತಿಕೊಂಡು ಅಂಗಳಕ್ಕಿಳಿದು, ಮತ್ತೆ ಸುತ್ತಿಬಂದ ಉಪಗ್ರಹದತ್ತ ಆಂಟೆನಾ ತಿರುಗಿಸಿ, ಗಟ್ಟಿಯಾಗಿ ಕರೆಯತೊಡಗಿದಳು.