ಮುಳ್ಳು ತೆಗೆದ ದಾರಿ

ಕುರಿ ಕಾಯುವ ಗಾದಿಲಿಂಗಪ್ಪ ಕೋಲು ಊರಿದ್ದೇ ತಡ, ಸಾಣಾಪುರದ ಗುಡ್ಡದ ಕಾಲುದಾರಿಯ ಕಲ್ಲು ಅಲುಗಾಡಿತು. ಪಕ್ಕದಲ್ಲೇ ಹತ್ತಾಳು ಆಳದ ಕಮರಿ. ಯಾರೂ ಹೋಗದಿರಲೆಂದು ಅವನು ಅಡ್ಡ ಎಳೆದಿದ್ದ ಜಾಲಿಮುಳ್ಳು ಮಾಯವಾಗಿ, ಬಂಡೆಯ ಮೇಲೆ ಬಿಳಿ ಬಾಣದ ಗುರುತು ಬಂದಿತ್ತು.

"ನಾನಽ ತಗದೀನಿ ಯಜ್ಜಾ. ಮುಳ್ಳಿದ್ರ ಫೋಟೋ ಛಂದ ಬರಂಗಿಲ್ಲ," ಎಂದ ಗೈಡ್ ಯಂಕೇಶ. ನಾಳೆ ಶಾಲೆಯ ಮಕ್ಕಳನ್ನು ಕರೆತರುವ ಮುನ್ನ ದಾರಿ ನೋಡಿಹೋಗಲು ಬಂದಿದ್ದ ಹೇಮಾವತಿ ಟೀಚರ್ ಕಡೆ ತಿರುಗಿ, "ಏನೂ ಆಗಂಗಿಲ್ರಿ ಮೇಡಂ, ಬರ್ರಿ," ಎಂದು ನಕ್ಕ.

"ನಿನ್ನ ಮಗಳೂ ಅದಽ ಸಾಲ್ಯಾಗ ಅದಾಳಲ್ಲೋ? ನಾಳಿ ಅಕೀನ್ನ ಮುಂದ ನಡಸು," ಎಂದ ಗಾದಿಲಿಂಗಪ್ಪ.

"ಅಕಿಗೆ ನಾಳಿ ಜ್ವರ ಇರತಾವ," ಯಂಕೇಶನ ಬಾಯಿಂದ ಮಾತು ಜಾರಿತು.

ಗಾದಿಲಿಂಗಪ್ಪ ಹೇಸಿಗೆಯಿಂದ ಥೂ ಎಂದು ಉಗುಳಿದ. ಹೇಮಾವತಿ ಆಗಲೇ ಗುಡ್ಡ ಇಳಿಯತೊಡಗಿದ್ದಳು.