ವೈಕೊ ಉಜ್ಜಿಟ್ಟ ಫೆರೂಲ್

"ಆ ನಿನ್ನ ಮೂಗು ತೆಗಿ!" ಎಂದು ಐಲಿ ಉರ್ಹೊನ ಮಣಿಕಟ್ಟು ಹಿಡಿದಳು. ಗಂಡ ವೈಕೊ ಅರ್ಧಕ್ಕೆ ಬಿಟ್ಟ ಫೈಬರ್‌ಗ್ಲಾಸ್ ಗಾಳದ ಕೋಲನ್ನು ಮುಗಿಸಿಕೊಡೆಂದು ಅವನ ಗೆಳೆಯ ಉರ್ಹೊನನ್ನು ಅವಳೇ ಕರೆಸಿದ್ದಳು. ಎರಡು ತುಂಡುಗಳನ್ನು ಕೂಡಿಸುವ ಹಿತ್ತಾಳೆಯ ಫೆರೂಲ್ ಸಲೀಸಾಗಿ ಕೂರಲೆಂದು, ಮಿಷಿಗನ್ನಿನ ಮೀನುಗಾರರೆಲ್ಲ ಮಾಡುವಂತೆ, ಅವನು ಅದನ್ನು ಮೂಗಿನ ಜಿಡ್ಡಿಗೆ ಉಜ್ಜಲು ಹೊರಟಿದ್ದ.

"ಉಜ್ಜದೆ ಹೇಗೆ ಕೂರುತ್ತೆ ಮಾರಾಯ್ತಿ?"

"ವೈಕೊ ಆಗ್ಲೇ ಉಜ್ಜಿದಾನೆ. ಕಾಫಿ ಕುಡಿದು ಬಂದು ಜೋಡಿಸ್ತೀನಿ ಅಂತ ಒಳಗೆ ಬಂದ. ನಾನು ಕಾಫಿ ಬಗ್ಗಿಸೋದ್ರೊಳಗೆ ಕೂತಲ್ಲೇ ಜೀವ ಹೋಗ್ಬಿಟ್ಟಿತ್ತು."

ಉರ್ಹೊ ಕೈಯನ್ನು ಮೂಗಿನಿಂದ ಕೆಳಗಿಳಿಸಿದ. ಜಿಡ್ಡು ಇನ್ನೂ ಮಿನುಗುತ್ತಿದ್ದ ಆ ತುಂಡನ್ನು ಇನ್ನೊಂದರೊಳಗೆ ಮೆಲ್ಲನೆ ಒತ್ತಿದ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಬಿಗಿ ಸರಿಯಿದೆಯೇ ಎಂದು ಮತ್ತೆ ಎಳೆದು ಬಿಡಿಸಿ, 'ಟಪ್' ಎಂಬ ಸದ್ದು ಕೇಳದೆ ಉರ್ಹೊ ಈವರೆಗೆ ಯಾವ ಕೋಲನ್ನೂ ಯಾರ ಕೈಗೂ ಕೊಟ್ಟವನಲ್ಲ.

"ಎಳೆದು ನೋಡಲ್ವಾ?" ಎಂದಳು ಐಲಿ.

"ವೈಕೊ ಕೂಡಿಸಿದ್ದು ಕಣೇ, ನಾನ್ಯಾಕೆ ಬಿಡಿಸ್ಲಿ," ಎಂದು ಉರ್ಹೊ ಕೋಲನ್ನು ಹಾಗೆಯೇ ಅವಳ ಕೈಗಿಟ್ಟ.