ಎಡಕ್ಕೆ ಬಿದ್ದ ಹೂವು

ಮಗನಿಗೆ ತಲೆಯೊಳಗೆ ಯಾರೋ ಮಾತಾಡಿದಂತೆ ಕೇಳಿಸುತ್ತಿತ್ತು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರೆ ಬಾಯಿ ಬಿಗಿದು ಕೂತ. ಊರಮ್ಮ ಅಪ್ಪಣೆ ಕೊಡದೆ ನುಂಗುವುದಿಲ್ಲ ಎಂದ. ಮನಸ್ಸಿನ ಡಾಕ್ಟರು ಗದರಲಿಲ್ಲ. "ಹಂಗಾದ್ರೆ ಅವಳನ್ನೇ ಕೇಳ್ಕೊಂಡು ಬನ್ನಿ," ಎಂದು ಮಾತ್ರೆಯ ಪೊಟ್ಟಣವನ್ನು ತಾಯಿಯ ಕೈಗೆ ಕೊಟ್ಟು ಕಳಿಸಿದರು.

ಊರಮ್ಮನ ಗುಡಿಯಲ್ಲಿ ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿದ. ಮೊದಲು ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಮೂರು ಸಲವೂ ಎಡಗಡೆಯದೇ ಬಿತ್ತು.

"ಬೇಡ ಅಂತಾಳೆ ಕಣವ್ವ. ಮಗನ್ನ ಕರ್ಕೊಂಡು ಹೋಗು."

"ಇನ್ನೊಂದ್ಸಲ ಕೇಳು."

"ನೀನು ಹೇಳ್ದಂಗೆ ಕೇಳಕ್ಕೆ ಅಮ್ಮ ಏನು ನಿಮ್ಮನೆ ಸೊಸೇನಾ?"

ತಾಯಿ ದೇವಿಯ ಕಡೆ ಕೈ ತೋರಿದಳು. "ಹೋದ ಸೋಮವಾರ ಇವನು ಬಾವಿಗೆ ಹಾರಕ್ಕೆ ಹೋಗಿದ್ದ ಕಣೋ! ಹಿಡ್ಕೊಳ್ಳಕ್ಕೆ ಬಂದಿದ್ಲಾ ಇವಳು? ಇಲ್ಲೇ ಹೂವ ಮುಡ್ಕೊಂಡು ಕೂತಿದ್ಲು!"

ಅವಳು ಹೊಸ್ತಿಲು ದಾಟಿ ಗರ್ಭಗುಡಿಗೆ ನುಗ್ಗಿದಳು. ತುರುಬು ಬಿಚ್ಚಿಹೋಯಿತು. ಆರತಿ ತಟ್ಟೆ ಎತ್ತಿ ಗೋಡೆಗೆ ಎಸೆದಳು.

"ನನ್ನ ಮಗನ ತಂಟೆಗೆ ಬಂದ್ರೆ ಒಬ್ಬರನ್ನೂ ಉಳಿಸಲ್ಲ!"

ಪೂಜಾರಿ ಹಿಂದಕ್ಕೆ ಸರಿದ. "ಅಮ್ಮ ಮೈಮೇಲೆ ಬಂದವ್ಳೆ!" ಎಂದು ಕೂಗಿ ಕೈಮುಗಿದ.

ಮಗ ಓಡಿಬಂದು ಅವಳ ಕಾಲಿಗೆ ಬಿದ್ದ. "ಬಂದೆಯಾ ತಾಯಿ? ನೀನೇ ಬಾಯಿಬಿಟ್ಟು ಹೇಳು. ಏನಪ್ಪಣೆ?"

ಅವಳು ಒಂದು ಗಳಿಗೆ ಮಗನನ್ನೇ ನೋಡಿದಳು. ಆಮೇಲೆ ಬಿಚ್ಚಿದ ಕೂದಲನ್ನು ಮುಖದ ಮೇಲೆ ಎಳೆದುಕೊಂಡಳು.

"ಬೆಳಿಗ್ಗೆ ಒಂದು, ರಾತ್ರಿ ಎರಡು! ಹೊಟ್ಟೆ ತುಂಬ ಉಂಡಮೇಲೆ!" ಎಂದು ಅಬ್ಬರಿಸಿದಳು.